ಅರುಣಾಳನ್ನು ಯಾರೂ ಕೇಳಲಿಲ್ಲ

೧೭ ಜೂನ್ ೨೦೦೨, ಸೋಮವಾರ

ಕಾಲೇಜು ಇವತ್ತು ಶುರುವಾಯಿತು. ಕಾಲೇಜು ಅನ್ನುವುದು ದೊಡ್ಡ ಮಾತು. ಮೂಡಿಗೆರೆ ಪೇಟೆಯಲ್ಲಿ ಮೊದಲು ಕಾಫಿ ಮೂಟೆ ಇಡುತ್ತಿದ್ದ ಗೋದಾಮಿಗೆ ಟ್ರಸ್ಟಿನವರು ಸುಣ್ಣ ಹೊಡೆಸಿ, ನಡುವೆ ಹಲಗೆಯ ಗೋಡೆ ನಿಲ್ಲಿಸಿ, 'ಸಮುದಾಯ ಕಾಲೇಜು' ಎಂದು ಬೋರ್ಡು ಹಾಕಿದ್ದಾರೆ. ಗೋಡೆಯ ಈಚೆ ನಾನು ಪಾಠ ಮಾಡುವ ಮಾರ್ಕೆಟಿಂಗ್ ಕೋರ್ಸು. ಆಚೆ ವೈದ್ಯಕೀಯ ಸಹಾಯಕರ ಕೋರ್ಸು. ಅಲ್ಲಿ ಕಲಿಸುವವರು ಸರ್ಕಾರಿ ಆಸ್ಪತ್ರೆಯಲ್ಲಿ ಸಿಸ್ಟರ್ ಆಗಿದ್ದು ನಿವೃತ್ತರಾದ ಅಂಜನಮ್ಮ. ಎಸ್ಸೆಸ್ಸೆಲ್ಸಿ ಪಾಸಾದವರು, ಫೇಲಾದವರು, ಯಾವ ವಯಸ್ಸಿನವರಾದರೂ ಸೇರಬಹುದು.

'ಯಾವ ವಯಸ್ಸಿನವರಾದರೂ' ಎಂದು ಕರಪತ್ರಕ್ಕೆ ಬರೆದುಕೊಟ್ಟವನು ನಾನೇ. ಅದನ್ನು ಓದಿ ಸೇರಿದವರಲ್ಲಿ ನನ್ನ ಹೆಂಡತಿಯೂ ಒಬ್ಬಳು. ಮಗಳು ರಕ್ಷಾ ಹಾಸನದ ಹಾಸ್ಟೆಲಿಗೆ ಹೋದ ಮೇಲೆ ಅರುಣಾಳಿಗೆ ಹೊತ್ತು ಹೋಗುತ್ತಿರಲಿಲ್ಲ. ಸೇರಲಾ ಎಂದು ಕೇಳಿದಳು. ಸೇರು ಎಂದೆ. ನನ್ನ ಕೋರ್ಸಿಗೆ ಎಂದುಕೊಂಡಿದ್ದೆ.

೯ ಜುಲೈ

ಆಚೆಯವರಿಗೆ ಬಿ.ಪಿ. ನೋಡಿ ಕಲಿಯಲು ತೋಳುಗಳು ಬೇಕು. ಅಂಜನಮ್ಮ ಹಲಗೆ ತಟ್ಟಿ, ನಿಮ್ಮ ಹುಡುಗರ ತೋಳು ಸ್ವಲ್ಪ ಕೊಡ್ತೀರಾ ಸಾರ್ ಎಂದು ಕೇಳಿದರು. 'ಗಿರಾಕಿಯ ಮನಸ್ಸು' ಎಂಬ ಪಾಠದ ನಡುವೆ ನನ್ನ ತರಗತಿ ಪೂರ್ತಿ ಎದ್ದು ಹೋಯಿತು. ಕರಿಹಲಗೆಯ ಮೇಲೆ ಗಿರಾಕಿ ಅಂತ ಬರೆದದ್ದನ್ನು ನಾನೊಬ್ಬನೇ ನೋಡುತ್ತಾ ಕೂತೆ.

ತಿರುಗಿ ಬಂದ ಪ್ರಶಾಂತ್, ನನ್ನ ವಿದ್ಯಾರ್ಥಿಗಳಲ್ಲಿ ಸ್ವಲ್ಪ ಮಾತು ಬಲ್ಲವನು, ಅರುಣಕ್ಕನ ಕೈ ಭಾಳ ಹಗುರ ಸಾರ್, ಪಟ್ಟಿ ಕಟ್ಟಿದ್ದೇ ಗೊತ್ತಾಗಲ್ಲ ಎಂದ. ಉಳಿದವರೂ ತಲೆಯಾಡಿಸಿದರು. ಅವಳ ಕೈ ಹಗುರ ಎಂದು ನನಗೆ ಗೊತ್ತಿತ್ತೇ ಎಂದು ಯೋಚಿಸಿದೆ. ಮದುವೆಯಾಗಿ ಇಷ್ಟು ಕಾಲವಾಗಿದೆ, ಗೊತ್ತಿರಬೇಕು. ನೆನಪಿಗೆ ಬರಲಿಲ್ಲ.

೨೬ ಆಗಸ್ಟ್

ಕ್ಷೇತ್ರಕಾರ್ಯಕ್ಕೆಂದು ವಿದ್ಯಾರ್ಥಿಗಳ ಕೈಲಿ ಕಾಫಿಪುಡಿ ಪ್ಯಾಕೆಟ್ ಮಾಡಿಸಿದೆ. ಬಣ್ಣದ ಚೀಟಿ, ಮೇಲೊಂದು ಘೋಷವಾಕ್ಯ. ಬಣಕಲ್ ಸುತ್ತ ಮನೆಮನೆಗೆ ಕಳಿಸಿದೆ. ಸಂಜೆ ಪ್ಯಾಕೆಟ್ಟುಗಳು ಹೋದ ಹಾಗೇ ವಾಪಸು ಬಂದವು. ಕಂಡ ಮನೆಯವರೆಲ್ಲ ಇವರನ್ನು ಜಗಲಿಯಲ್ಲಿ ಕೂರಿಸಿ, ತಮ್ಮ ಹಿತ್ತಿಲ ಗಿಡದ ಬೀಜ ತಾವೇ ಹುರಿದು ಕುಟ್ಟಿದ ಪುಡಿಯ ಕಾಫಿ ಕುಡಿಸಿ, ಹೇಗಿದೆ ಹೇಳಿ ಎಂದು ಕೇಳಿದ್ದಾರೆ. ಒಂದು ಮನೆಯಲ್ಲಿ ಅರ್ಧ ಸೇರು ಪುಡಿ ಕಟ್ಟಿಯೂ ಕೊಟ್ಟಿದ್ದಾರೆ. ಮಾರಲು ಹೋದವರು ಪುಡಿ ಹೊತ್ತುಕೊಂಡು ಬಂದರು.

ಕಾಫಿ ಬೆಳೆಯುವವರಿಗೆ ಕಾಫಿ ಮಾರಲು ಕಳಿಸಿದ್ದು ತಪ್ಪು ಎಂದು ನನಗೆ ಹೊಳೆಯಬೇಕಿತ್ತು. ಗೊಬ್ಬರದ ಕಂಪನಿಯ ಪ್ರತಿನಿಧಿಯಾಗಿ ಕಳಸದಿಂದ ಗೋಣಿಬೀಡಿನವರೆಗೆ ಬೈಕಿನಲ್ಲಿ ತಿರುಗಿದವನು. ಕಾಫಿ ರೇಟು ಬಿದ್ದು ಕಂಪನಿ ಈ ಕಡೆಯ ಕಚೇರಿ ಮುಚ್ಚುವವರೆಗೆ ನನ್ನ ಮಾತಿಗೆ ಬೆಲೆಯಿತ್ತು.

ಅರುಣಾ ಇದನ್ನೆಲ್ಲ ಕೇಳಿದಳು, ನಗಾಡಲಿಲ್ಲ. ಅವಳ ತರಗತಿಯಲ್ಲಿ ಇವತ್ತು ಗಾಯ ತೊಳೆದು ಕಟ್ಟುವುದನ್ನು ಹೇಳಿಕೊಟ್ಟರಂತೆ. ನಾನು ಆ ಬಗ್ಗೆ ಕೇಳಲಿಲ್ಲ.

೩ ಅಕ್ಟೋಬರ್

ಊಟ ಬಡಿಸುತ್ತಾ ಮೂಳೆಗಳ ಹೆಸರು ಬಾಯಿಪಾಠ ಮಾಡುತ್ತಾಳೆ. ಸಾರು ತಣ್ಣಗಿತ್ತು. ಹೇಳಲಿಲ್ಲ.

೧೧ ಡಿಸೆಂಬರ್

ಆಚೆಯವರನ್ನು ಪ್ರಾಯೋಗಿಕ ತರಬೇತಿಗೆ ಹಂಚಿದ್ದಾರೆ. ಅರುಣಾಳಿಗೂ ಧನ್ಯಾ ಎಂಬ ಹತ್ತೊಂಬತ್ತರ ಹುಡುಗಿಗೂ ಗೋಣಿಬೀಡು ಹತ್ತಿರ ಸೋಮಶೇಖರಪ್ಪನವರ ತೋಟದ ಡಿಸ್ಪೆನ್ಸರಿ ಸಿಕ್ಕಿದೆ. ಅಲ್ಲಿನ ಹಳೆಯ ಕಾಂಪೌಂಡರ್ ಕಣ್ಣು ಕಾಣದೆ ಕೆಲಸ ಬಿಟ್ಟಿದ್ದಾನೆ. ಕಾಫಿ ಹಣ್ಣಿನ ಕುಯ್ಲು ಜೋರಾಗಿ ನಡೆಯುವ ಕಾಲ, ಕೂಲಿಯವರ ಲೈನುಮನೆಗಳಲ್ಲಿ ಜನ ತುಂಬಿರುತ್ತಾರೆ. ಇಬ್ಬರೂ ಬೆಳಗಿನ ಬಸ್ಸಿಗೆ ಹೋಗಿ ಕತ್ತಲಾಗುವಷ್ಟರಲ್ಲಿ ಬರುತ್ತಾರೆ.

ನನ್ನ ವಿದ್ಯಾರ್ಥಿಗಳಿಗೂ ತರಬೇತಿ ಹುಡುಕುತ್ತಿದ್ದೇನೆ. ಅಂಗಡಿಯವರು, ನಮ್ಮಲ್ಲಿ ಮಾರೋಕೇನಿದೆ ಸಾರ್, ಬಂದವರು ಕೇಳ್ತಾರೆ, ನಾವು ಕೊಡ್ತೀವಿ ಅನ್ನುತ್ತಾರೆ.

ಬಿಳಿ ಕೋಟು ಅವಳಿಗೆ ಒಪ್ಪುತ್ತದೆ. ಹಾಗೆ ಒಪ್ಪಬಾರದಿತ್ತು ಅನಿಸಿತು.

೧೯ ಡಿಸೆಂಬರ್

ಡಿಸ್ಪೆನ್ಸರಿಗೆ ಹಗಲಲ್ಲಿ ಒಂದು ನರಪಿಳ್ಳೆಯೂ ಬರುತ್ತಿರಲಿಲ್ಲವಂತೆ. ಕೂಲಿ ಹಣ್ಣಿನ ತೂಕಕ್ಕೆ, ಹೋದರೆ ಆ ಹೊತ್ತಿನ ಹಣ್ಣು ಹೋಯಿತು. ಸಂಜೆ ತೂಕ ಮುಗಿದ ಮೇಲೆ ಒಲೆ ಹಚ್ಚುವ ಅವಸರ. ನಡುವೆ, ಚೀಲದ ಹಣ್ಣು ಲೆಕ್ಕ ಬರೆಯುವ ರೈಟರನ ತಕ್ಕಡಿಗೆ ಏರುವವರೆಗೆ ಸಾಲಿನಲ್ಲಿ ನಿಂತಿರುತ್ತಾರಲ್ಲ, ಆಗ ಮಾತ್ರ ಅವರಿಗೆ ಬಿಡುವು. ಅರುಣಾ ಒಂದು ಪೆಟ್ಟಿಗೆ ಮಗುಚಿ ಹಾಕಿಕೊಂಡು ತಕ್ಕಡಿಯ ಪಕ್ಕದಲ್ಲೇ ಕೂತಿದ್ದಾಳೆ. ತೂಕಕ್ಕೆ ಕಾಯುವವರು ಒಂದು ಕೈಯಲ್ಲಿ ಚೀಲ ಹಿಡಿದು ಇನ್ನೊಂದು ಕೈಯನ್ನು ಇವಳಿಗೆ ಚಾಚುತ್ತಾರಂತೆ. ಕುಯ್ಲಿನ ಹೆಂಗಸರಲ್ಲಿ ಎಷ್ಟೋ ಜನಕ್ಕೆ ರಕ್ತ ಕಡಿಮೆ, ಒಬ್ಬಿಬ್ಬರಿಗೆ ಬಿ.ಪಿ. ಹತೋಟಿ ಮೀರಿತ್ತು, ಅವರನ್ನು ಮೂಡಿಗೆರೆ ಆಸ್ಪತ್ರೆಗೆ ಕಳಿಸಿದಳಂತೆ.

ಒಳ್ಳೆ ಉಪಾಯ, ಯಾರು ಹೇಳಿಕೊಟ್ಟರು ಎಂದು ಕೇಳಿದೆ. ಅಂಜನಮ್ಮನ ಹೆಸರು ಬರುತ್ತದೆ ಎಂದುಕೊಂಡಿದ್ದೆ.

"ನೀವೇ ಹೇಳಿದ್ರಲ್ಲ," ಅಂದಳು. "ಗಿರಾಕಿ ಅಂಗಡಿಗೆ ಬರ್ಲಿ ಅಂತ ಕಾಯ್ಬೇಡಿ, ಅವ್ನು ಬಿಡುವಾಗಿ ನಿಂತಿರೋ ಜಾಗ ಹುಡುಕಿ ಅಂತ. ಹಲಗೆ ಆಚೆಯಿಂದ ಎಲ್ಲಾ ಕೇಳ್ತಿರುತ್ತೆ."

ಸಂತೋಷಪಡಬೇಕಿತ್ತು. ನನ್ನ ತರಗತಿಯಲ್ಲಿ ಕೂತವರಿಗೆ ತಿಳಿಯದ ಮಾತು ಗೋಡೆಯಾಚೆ ಕೂತವಳಿಗೆ ತಿಳಿದಿದೆ. ಆದರೆ ನನಗನಿಸಿದ್ದು, ನನ್ನ ಹಿತ್ತಿಲಿನ ಹಣ್ಣನ್ನು ಪಕ್ಕದವರು ಕುಯ್ದು, ತಟ್ಟೆಯಲ್ಲಿಟ್ಟು, ನನಗೇ ತಂದುಕೊಟ್ಟ ಹಾಗೆ.

೭ ಜನವರಿ ೨೦೦೩

ತೋಟಕ್ಕೆ ಹೋಗಿದ್ದೆ. ವಿದ್ಯಾರ್ಥಿಗಳಿಗಾಗಿ, ಸಿಪ್ಪೆ ಸುಲಿದು ತೊಳೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿ ಮಾರಾಟದ ಕ್ರಮ ತಿಳಿದುಕೊಳ್ಳಲು ಎಂಬುದು ನೆಪ. ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿರಲಿಲ್ಲ.

ಕಣದ ಅಂಚಿನಲ್ಲಿ ನಿಂತು ನೋಡಿದೆ. ಗೋಣಿಯ ಮೇಲೆ ಹಣ್ಣು ಸುರಿದು ಹಸಿರು ಕಾಯಿ ಆರಿಸುವವರು, ಸಾಲು, ತಕ್ಕಡಿ, ಕೂಗಿ ತೂಕ ಹೇಳುವ ರೈಟರ್. ತಕ್ಕಡಿಗಿಂತ ಒಂದು ಮಾರು ಈಚೆ ಅವಳು. ಪ್ರತಿಯೊಬ್ಬರ ತೋಳು ಹಿಡಿದಾಗಲೂ ಅವರ ಮುಖ ನೋಡುತ್ತಾಳೆ, ಆಮೇಲೆ ತಲೆ ತಗ್ಗಿಸಿ ಕಿವಿಗೊಡುತ್ತಾಳೆ. ಅಷ್ಟು ಗದ್ದಲದಲ್ಲಿ ಅವಳಿಗೆ ಏನೋ ಸಣ್ಣದೊಂದು ಕೇಳಿಸುತ್ತದೆ. ಪೆಟ್ಟಿಗೆಯ ಮೇಲೆ ಕೂತವಳನ್ನು ಅವಳ ಗಂಡನಲ್ಲದೆ ಬೇರೆ ಯಾರಾದರೂ ನೋಡಿದರೆ ಹೇಗೆ ಕಾಣುತ್ತಾಳೆ ಎಂದು ನೋಡಲು ಯತ್ನಿಸಿದೆ. ಸುಲಭವಾಗಿಯೇ ಸಾಧ್ಯವಾಯಿತು.

ಸಾಲಿನ ಕೊನೆಯಲ್ಲಿದ್ದ ಹುಚ್ಚಮ್ಮ ಎಂಬ ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ನೀವು ಔಷ್ದಿ ಕಂಪ್ನಿಯವ್ರಾ ಎಂದು ಕೇಳಿದಳು. ಹೌದು ಎಂದೆ. ಯಾಕೆ ಹಾಗೆ ಹೇಳಿದೆನೋ.

"ಹಂಗಾರೆ ಆ ಅಮ್ಮಂಗೆ ಒಳ್ಳೆ ಮಾತ್ರೆ ಕೊಟ್ಟೋಗಿ," ಅಂದಳು. "ಅವ್ರು ಹೇಳಿದ್ರೆ ನುಂಗ್ತೀವಿ. ನೀವು ಹೇಳಿದ್ರೆ ನುಂಗಾಕಿಲ್ಲ."

ಸುತ್ತಲಿದ್ದವರು ನಕ್ಕರು. ಅರುಣಾ ತಲೆಯೆತ್ತುವ ಮೊದಲು ಹೊರಟುಬಂದೆ.

೨೦ ಜನವರಿ

ಸೊಸೈಟಿಯ ಮೆಟ್ಟಿಲ ಮೇಲೆ ಸೋಮಶೇಖರಪ್ಪನವರು ಸಿಕ್ಕಿದರು. ತೋಳು ಹಿಡಿದು ಪಕ್ಕಕ್ಕೆ ಕರೆದರು. ಹಳೆಯ ಕಾಂಪೌಂಡರನ ಜಾಗಕ್ಕೆ ಅರುಣಾಳನ್ನೇ ಇಟ್ಟುಕೊಳ್ಳುವ ಮನಸ್ಸು ಅವರಿಗೆ. ಕೋರ್ಸು ಮುಗಿಯುವವರೆಗೆ ಕಾಯುತ್ತಾರೆ, ದಿನವೂ ಬಸ್ಸಿನಲ್ಲಿ ಬಂದು ಹೋಗಬಹುದು. "ನಿಮ್ಮ ಮನೆಯವ್ರಿಗೆ ಇನ್ನೂ ಹೇಳಿಲ್ಲ. ಮೊದ್ಲು ನಿಮ್ಮನ್ನ ಒಂದು ಮಾತು ಕೇಳ್ಬೇಕಲ್ವಾ ಮಾರಾಯ್ರೆ."

ಇಲ್ಲಿ ಹಾಗೇ. ಪಕ್ಕದ ತೋಟದ ಬೇಲಿ ಮುಟ್ಟುವ ಮೊದಲು ಆ ತೋಟದವರನ್ನು ಕೇಳುತ್ತಾರೆ. ಅದು ಮರ್ಯಾದೆ.

ಅವಳಿಗೆ ಆಗಲಿಕ್ಕಿಲ್ಲ ಸಾರ್, ಮನೆ ಕಡೆ ಕಷ್ಟ ಆಗುತ್ತೆ ಎಂದೆ. ಧನ್ಯಾ ಇದ್ದಾಳಲ್ಲ, ಚುರುಕಾದ ಹುಡುಗಿ ಎಂದೂ ಹೇಳಿದೆ. ಬಾಯಿಂದ ಹೊರಟ ಮೇಲೆ ಮಾತು ನನಗೂ ಕೇಳಿಸಿತು. ಸುಳ್ಳೇನಲ್ಲ. ಧನ್ಯಾ ಚುರುಕು. ಮತ್ತೆ, 'ಆಗುವುದಿಲ್ಲ' ಎನ್ನಲಿಲ್ಲ, 'ಆಗಲಿಕ್ಕಿಲ್ಲ' ಎಂದೆ. ಅವರು ಒತ್ತಾಯಿಸಬಹುದಿತ್ತು. ಇನ್ನೊಮ್ಮೆ ಕೇಳುವುದು ಅವರ ಪ್ರಕಾರ ಮರ್ಯಾದೆಯಲ್ಲ. ಸರಿ ಬಿಡಿ ಎಂದು ಜೀಪು ಹತ್ತಿದರು.

೨೧ ಜನವರಿ

ಹೇಳಲಿಲ್ಲ.

೩ ಫೆಬ್ರುವರಿ

ತರಬೇತಿ ಮುಗಿದಿದೆ. ತೋಟದಲ್ಲಿ ಕಾಂಪೌಂಡರನ ಜಾಗ ಖಾಲಿ ಇರುವುದು ಅವಳಿಗೂ ಗೊತ್ತು. ಹೊರಡುವ ದಿನ ರೈಟರ್, ನಿಮ್ಮನ್ನೇ ಕರೀತಾರೆ ನೋಡ್ತಿರಿ ಅಂದಿದ್ದನಂತೆ. ಫೋನು ಹೊಡೆದುಕೊಂಡರೆ ಒದ್ದೆ ಕೈಯಲ್ಲೇ ಬರುತ್ತಾಳೆ. ರಕ್ಷಾ ಆಗಿದ್ದರೆ ಮಾತಾಡುತ್ತಾಳೆ, ಆದರೆ ಮೊದಲ ಮಾತಿಗೂ ಎರಡನೆಯದಕ್ಕೂ ನಡುವೆ ಸ್ವಲ್ಪ ಹೊತ್ತು ಬೇಕಾಗುತ್ತದೆ.

ಈಚೆಗೆ ನನ್ನ ಮನಸ್ಸು ಹಗುರವಾಗಿದೆ. ಪಾಠ ಚೆನ್ನಾಗಿ ಆಗುತ್ತಿದೆ. ನಿನ್ನೆ ಬಣಕಲ್‌ನಲ್ಲಿ ಮಂಗಳೂರಿನ ಮೀನಿನ ಗಾಡಿ ನಿಂತಿತ್ತು, ಬಂಗುಡೆ ತಂದೆ. ಅವಳಿಗೆ ಇಷ್ಟ. ಮುಳ್ಳು ಬಿಡಿಸುತ್ತಾ, ಇವತ್ತು ಏನು ವಿಶೇಷ ಎಂದು ಕೇಳಿದಳು. ಏನೂ ಇಲ್ಲ ಎಂದೆ. ಏನೂ ಇರಲಿಲ್ಲ.

೧೮ ಫೆಬ್ರುವರಿ

ಧನ್ಯಾ ಪೇಡ ಹಿಡಿದು ಬಂದಿದ್ದಳು. ಸೋಮಶೇಖರಪ್ಪನವರ ಡಿಸ್ಪೆನ್ಸರಿ ಅವಳಿಗಾಗಿದೆ. ನಿಮಗೇ ಸಿಗುತ್ತೆ ಅಂದುಕೊಂಡಿದ್ದೆ ಅಕ್ಕ ಎಂದು ಹುಡುಗಿ ತಲೆ ತಗ್ಗಿಸಿದಳು. ಅರುಣಾ ಅವಳ ಗಲ್ಲ ಸವರಿ, ಪೇಡ ಬಾಯಿಗೆ ಹಾಕಿಕೊಂಡು, ಕೂರಿಸಿ ಪಾಠ ಹೇಳಿದಳು: ಡಿಸ್ಪೆನ್ಸರಿಯಲ್ಲಿ ಕಾಯಬೇಡ, ತೂಕದ ಜಾಗಕ್ಕೆ ಹೋಗು, ಹುಚ್ಚಮ್ಮನ ಬಲಗೈ ನೋವು, ಎಡಗೈಯಲ್ಲಿ ನೋಡು, ರೈಟರ್ ಅವಸರ ಮಾಡಿದರೆ ಅವನ ಬಿ.ಪಿ.ಯನ್ನೇ ಮೊದಲು ನೋಡಿಬಿಡು, ಸುಮ್ಮನಾಗುತ್ತಾನೆ.

ಹುಡುಗಿ ಹೋದ ಮೇಲೆ, ಬೇಜಾರಾಯ್ತಾ ಎಂದು ಕೇಳಿದೆ. ಆಯ್ತು ಎಂದಳು. ನಾನೇನು ಕಡಿಮೆ ಮಾಡಿದೆ ಅಂತ ಗೊತ್ತಾಗ್ತಿಲ್ಲ, ಅಷ್ಟೇ ಎಂದಳು. ಧನ್ಯಾಳ ಮೇಲೆ ಒಂದು ಹುಳಿ ಮಾತೂ ಬರಲಿಲ್ಲ. ಬಂದಿದ್ದರೆ ನಾವಿಬ್ಬರೂ ಒಂದೇ ಜಾತಿಯ ಮನುಷ್ಯರು ಎಂದು ಸಮಾಧಾನವಾಗುತ್ತಿತ್ತು.

೧೨ ಏಪ್ರಿಲ್, ಶನಿವಾರ

ಪ್ರಮಾಣಪತ್ರ ಕೊಡುವ ಸಮಾರಂಭ. ಮುಖ್ಯ ಅತಿಥಿ ಸೋಮಶೇಖರಪ್ಪನವರು ಎಂದು ಮೊದಲೇ ಗೊತ್ತಿತ್ತು. ಅದರಿಂದ ಏನಾಗಬಹುದು ಎಂದು ಯೋಚಿಸಿರಲಿಲ್ಲ. ಅಥವಾ ಯೋಚಿಸಿ, ಆಗುವುದಿಲ್ಲ ಎಂದುಕೊಂಡಿದ್ದೆ.

ಹೆಸರು ಕೂಗುವ ಕೆಲಸ ನನ್ನದು. ಮಾರ್ಕೆಟಿಂಗಿನವರು ಬೇಗ ಮುಗಿದರು. ಆಮೇಲೆ ಆಚೆಯವರು. ಅರುಣಾ ಜಯಪ್ರಕಾಶ್ ಎಂದು ಮೈಕಿನಲ್ಲಿ ಹೇಳಿದೆ. ನನ್ನ ಹೆಸರೂ ಸೇರಿಕೊಂಡು ಸಭೆಯಲ್ಲಿ ಅಡ್ಡಾಡಿತು. ಅವಳು ವೇದಿಕೆ ಹತ್ತಿದಳು. ಅವರು ಪ್ರಮಾಣಪತ್ರ ಕೊಡುತ್ತಾ ಬಗ್ಗಿ ಏನೋ ಹೇಳಿದರು. ಸುಮ್ಮನೆ ಒಂದು ಅಭಿನಂದನೆಗೆ ಬೇಕಾದುದಕ್ಕಿಂತ ಉದ್ದದ ಮಾತು. ಚಪ್ಪಾಳೆಯಲ್ಲಿ ನನಗೆ ಕೇಳಿಸಲಿಲ್ಲ. ಅವಳು ಕೇಳಿಸಿಕೊಂಡಳು, ತಲೆಯಾಡಿಸಿದಳು, ತಿರುಗಿ ನನ್ನನ್ನು ನೋಡಿದಳು.

ನಾನು ಮುಂದಿನ ಹೆಸರು ಓದಿದೆ.

೧೩ ಏಪ್ರಿಲ್

ನಿನ್ನೆ ಏನೂ ಕೇಳಲಿಲ್ಲ. ಇವತ್ತು ಬೆಳಿಗ್ಗೆ ತಿಂಡಿಗೆ ಕೂತಾಗ ಕೇಳಿದಳು.

"ಯಾವಾಗ ಕೇಳಿದ್ದು ಅವ್ರು ನಿಮ್ಮನ್ನ?"

"ಜನವರಿಯಲ್ಲಿ."

ಅಕ್ಕಿರೊಟ್ಟಿ ಮಗುಚಿ ಹಾಕಿದಳು. ನಿನಗೆ ಸುಸ್ತಾಗುತ್ತದೆ ಅಂತ, ದಿನಾ ಬಸ್ಸು ಅಂತ, ರಕ್ಷಾ ರಜಕ್ಕೆ ಬಂದರೆ ಅಂತ ನಾನು ಏನೇನೋ ಹೇಳಿದೆ. ಹೇಳುತ್ತಿದ್ದ ಹಾಗೆ ಅವೆಲ್ಲ ನನಗೆ ನಿಜವೆಂದೇ ತೋರಿದವು.

"ಬೇಡ ಅಂದಿದ್ದಕ್ಕಲ್ಲ ರೀ," ಅಂದಳು. "ನಂಗೆ ಹೇಳಿದ್ರೆ ಜಗಳಾಡ್ತಿದ್ದೆ, ಆಮೇಲೆ ಸುಮ್ನಾಗ್ತಿದ್ದೆ. ಫೋನ್ ಬಂದಾಗೆಲ್ಲ ಓಡಿ ಬರ್ತಿದ್ನಲ್ಲ ನಾನು. ಅದನ್ನ ಕೂತ್ಕೊಂಡು ನೋಡ್ತಿದ್ರಲ್ಲ ನೀವು."

ರೊಟ್ಟಿ ತಟ್ಟೆಗೆ ಹಾಕಿದಳು. ಚೆನ್ನಾಗಿ ಬೆಂದಿತ್ತು. ತಿಂದೆ.

೨೮ ಏಪ್ರಿಲ್

ಕಳಸದ ಕಡೆಯಿಂದ ವಿಮಲಮ್ಮ ಎಂಬುವವರು ಕಾಲೇಜಿಗೆ ಬಂದಿದ್ದರು. ಗಂಡ ತೀರಿದ ಮೇಲೆ ತೋಟವನ್ನು ತಾವೇ ನೋಡಿಕೊಳ್ಳುತ್ತಿರುವ ಹೆಂಗಸು. ಕ್ಯಾನ್ವಾಸ್ ಬೂಟು, ಗಟ್ಟಿ ದನಿ. ಅಕ್ಕಪಕ್ಕದ ತೋಟದವರೂ ಸೇರಿ ಒಂದು ಡಿಸ್ಪೆನ್ಸರಿ ತೆಗೆದಿದ್ದಾರೆ. ಅದನ್ನು ನಡೆಸಲು ಒಬ್ಬರು ಬೇಕು. ದಿನಾ ಓಡಾಡುವ ದೂರವಲ್ಲ, ಅಲ್ಲೇ ಕ್ವಾರ್ಟರ್ಸಿನಲ್ಲಿ ಇರಬೇಕು. ತೂಕದ ಹತ್ತಿರ ಕೂತು ಬಿ.ಪಿ. ನೋಡುವ ಹೆಂಗಸಿನ ಸುದ್ದಿ ಅವರ ಮೇಸ್ತ್ರಿಯ ಬಾಯಿಂದ ಅವರಿಗೆ ಮುಟ್ಟಿದೆ. ಅಂಜನಮ್ಮ ಅರುಣಾಳನ್ನು ಕರೆಸಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ವಿಮಲಮ್ಮ ನನ್ನತ್ತ ನೋಡಲೂ ಇಲ್ಲ. ನಾನು ಯಾರೆಂದು ಅವರಿಗೆ ಗೊತ್ತಿರಲಿಲ್ಲ, ಅಥವಾ ಗೊತ್ತಿತ್ತು.

ಸಂಜೆ ಅರುಣಾ ಅಕ್ಕಿ ಆರಿಸುತ್ತಾ ಹೇಳಿದಳು.

"ಈ ಸಲ ನನ್ನನ್ನೇ ಕೇಳಿದ್ರು. ಹೂಂ ಅಂದೆ."

ಶನಿವಾರ ಸಂಜೆ ಬಂದು ಸೋಮವಾರ ಬೆಳಿಗ್ಗೆ ಹೋಗುತ್ತಾಳಂತೆ. ಗೋಣಿಬೀಡಾಗಿದ್ದರೆ ದಿನಾ ಬರುತ್ತಿದ್ದಳು.

೫ ಮೇ, ಸೋಮವಾರ

ಕಳಸದ ಬಸ್ಸಿಗೆ ಹತ್ತಿಸಿ ಬಂದೆ. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಡ್ರೈವರನಿಗೂ ಕಂಡಕ್ಟರನಿಗೂ ಅವಳ ಗುರುತಿದೆ. ಯಾವಾಗ ಆಯಿತೋ. ಅಕ್ಕ, ಬ್ಯಾಗು ಇಲ್ಲಿಡಿ ಎಂದು ಕಂಡಕ್ಟರ್ ತಾನೇ ಎತ್ತಿಟ್ಟ. ಗ್ಯಾಸಿನ ರೆಗ್ಯುಲೇಟರ್ ಮಲಗುವಾಗ ಆಫ್ ಮಾಡಿ ಎಂದಷ್ಟೇ ಹೇಳಿದಳು.

೧೫ ಜುಲೈ

ಈ ವರ್ಷ ಮಾರ್ಕೆಟಿಂಗಿಗೆ ಸಾಕಷ್ಟು ಜನ ಬರಲಿಲ್ಲ. ಟ್ರಸ್ಟಿನವರು ಹಲಗೆಯ ಗೋಡೆ ತೆಗೆಸಿದರು. ಆಚೆಯವರಿಗೆ ವಾರದಲ್ಲಿ ಕೆಲವು ತರಗತಿ ನಾನು ತೆಗೆದುಕೊಳ್ಳುತ್ತೇನೆ, 'ರೋಗಿಗಳೊಡನೆ ಮಾತು' ಎಂಬ ವಿಷಯ. ಉದಾಹರಣೆಗಳು ಬೇಕಾದಾಗ ಅರುಣಾ ಶನಿವಾರ ಹೇಳಿದ್ದನ್ನು ಹೇಳುತ್ತೇನೆ. ಮಳೆಯಲ್ಲಿ ಜಿಗಣೆ ಕಚ್ಚಿದ ಗಾಯ ಕೀವಾಗುವುದು, ಹೆರಿಗೆಗೆ ಜೀಪು ಕಾಯುವುದು. ನಮ್ಮಲ್ಲೇ ಕಲಿತ ಒಬ್ಬರು ಎನ್ನುತ್ತೇನೆ. ಹೆಸರು ಹೇಳುವುದಿಲ್ಲ. ಒಬ್ಬ ಹುಡುಗಿ, ಅವರು ನಿಮಗೆ ಚೆನ್ನಾಗಿ ಗೊತ್ತಾ ಸಾರ್ ಎಂದು ಕೇಳಿದಳು. ಸುಮಾರಾಗಿ ಎಂದೆ.

ಅವಳು ಬರುವ ದಿನ ಬಂಗುಡೆ ಸಿಕ್ಕರೆ ನಾನೇ ಹುರಿಯುತ್ತೇನೆ. ಮೊದಲೆರಡು ಸಲ ತಳ ಹಿಡಿಯಿತು. ಈಗ ಪರವಾಗಿಲ್ಲ.

೪ ಸೆಪ್ಟೆಂಬರ್

ಸೋಮಶೇಖರಪ್ಪನವರು ಬ್ಯಾಂಕಿನ ಹತ್ತಿರ ಜೀಪು ನಿಲ್ಲಿಸಿದರು. ಧನ್ಯಾಳಿಗೆ ಮದುವೆ ಗೊತ್ತಾಗಿದೆ, ಬಿಡುತ್ತಾಳೆ. ಇನ್ನೆರಡು ತಿಂಗಳಿಗೆ ಕುಯ್ಲು ಶುರುವಾಗುತ್ತದೆ. ಮಾತನ್ನು ಎಲ್ಲಿಗೆ ತರುತ್ತಿದ್ದಾರೆಂದು ಗೊತ್ತಾಯಿತು. ಗೋಣಿಬೀಡು, ಸಂಜೆಯ ಬಸ್ಸು, ದಿನವೂ.

"ಈಗಲಾದ್ರೂ ನಿಮ್ಮ ಕಡೆಯಿಂದ ಅಡ್ಡಿ ಇಲ್ವಲ್ಲ?"

"ಅವರನ್ನೇ ಕೇಳಿ ಸಾರ್," ಎಂದೆ. ಕಳಸದ ಡಿಸ್ಪೆನ್ಸರಿಯ ಫೋನ್ ನಂಬರ್ ಹೇಳಿದೆ. ನನಗೆ ಬಾಯಿಗೆ ಬರುತ್ತದೆ.

೮ ಸೆಪ್ಟೆಂಬರ್, ಸೋಮವಾರ

ಶನಿವಾರ ಬಂದಿದ್ದಳು, ಬೆಳಿಗ್ಗೆ ಹೋದಳು. ಮೇಸ್ತ್ರಿಯ ಮಗಳಿಗೆ ಕಾಮಾಲೆ, ವಿಮಲಮ್ಮನ ನಾಯಿ ಮರಿ ಹಾಕಿದ್ದು, ಎಲ್ಲ ಹೇಳಿದಳು. ಫೋನ್ ಬಂದ ಸಂಗತಿ ಹೇಳಲಿಲ್ಲ. ಸೋಮಶೇಖರಪ್ಪನವರು ಇನ್ನೂ ಮಾಡಿಲ್ಲವೇನೋ ಎಂದುಕೊಂಡೆ.

ಮಧ್ಯಾಹ್ನ ಅವರೇ ಕಾಲೇಜಿಗೆ ಬಂದರು. ಶುಕ್ರವಾರವೇ ಮಾಡಿದ್ದರಂತೆ.

"ಬರೋದಿಲ್ಲ ಅಂದ್ರು. ಅಲ್ಲೇ ಸರಿ ಹೋಗಿದೆಯಂತೆ. ನಾನು, ಈ ಸಲ ನಿಮ್ಮ ಯಜಮಾನ್ರು ಒಪ್ಪಿದಾರಮ್ಮ ಅಂದೆ. ನಕ್ಕುಬಿಟ್ರು ಮಾರಾಯ್ರೆ. ಸುಮಾರು ಹೊತ್ತು ನಕ್ರು. ನಂಗೂ ನಗು ಬಂತು."

ಹೇಳುತ್ತಾ ಅವರಿಗೆ ಮತ್ತೆ ನಗು ಬಂತು. ನಾನೂ ಮುಖವನ್ನು ಹಾಗೆ ಮಾಡಿಕೊಂಡೆ. ಬೇರೆ ಯಾರನ್ನಾದರೂ ಹುಡುಕಿಕೊಡಿ ಎಂದು ಹೇಳಿ ಅವರು ಹೊರಟರು. ಬಾಗಿಲವರೆಗೆ ಹೋಗಿ ಬೀಳ್ಕೊಟ್ಟೆ. ಹೇಗೆ ನಕ್ಕಳು ಎಂದು ಕೇಳಬೇಕೆಂದು ಬಾಯಿಗೆ ಬಂದಿತ್ತು: ಕಹಿಯಾಗಿಯೇ, ನಿಜಕ್ಕೂ ತಮಾಷೆ ಅನಿಸಿಯೇ, ಕಣ್ಣಲ್ಲಿ ನೀರು ಬರುವ ಹಾಗೆಯೇ. ಫೋನಿನಲ್ಲಿ ಕಣ್ಣು ಹೇಗೆ ಕಾಣುತ್ತದೆ.

ಜೀಪು ತಿರುಗುವವರೆಗೆ ಅಲ್ಲೇ ನಿಂತಿದ್ದೆ. ಆ ನಗು ಕೇಳಿಸಿಕೊಂಡ ಅವರ ಕಿವಿಯನ್ನು ನೋಡುತ್ತಿದ್ದೆ. ದೊಡ್ಡ ಕಿವಿ, ಅಂಚಿನಲ್ಲಿ ಬಿಳಿ ಕೂದಲು. ಸುಮಾರು ಹೊತ್ತು, ಅಂದರು.